ಅರ್ಧ ಸುತ್ತು ಸಡಿಲ

ಜೂನ್ 4

ಭಾವಮೈದುನನಿಗೆ ಆಶೀರ್ವಾದಗಳು.

ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಆರು ವರ್ಷದಿಂದ ಸುದ್ದಿಯಿಲ್ಲದ ಮೇಲೆ ನಂಬುವುದೊಂದೇ ದಾರಿ.

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡರೆ ಒಡೆಯದೆಯೇ ಒಲೆಗೆ ಹಾಕುತ್ತೀಯೆಂದು ವಿಳಾಸವನ್ನು ನರ್ಸಮ್ಮನ ಕೈಲಿ ಬರೆಸಿದೆ. ಈಗ ಒಡೆದಿದ್ದೀಯೆ, ಇಷ್ಟು ಓದಿದ್ದೀಯೆ, ಇನ್ನಷ್ಟು ಓದು. ಫೋನು ಮಾಡೋಣವೆಂದರೆ ನಿನ್ನ ನಂಬರು ನಿನ್ನ ಅಕ್ಕನ ಫೋನಿನೊಳಗಿತ್ತು, ಅದು ಬಾಯಿ ಮುಚ್ಚಿ ಬಹಳ ಕಾಲವಾಯಿತು. ವಿಳಾಸ ಅವಳ ಡೈರಿಯ ಕೊನೆಯ ಹಾಳೆಯಲ್ಲಿ ಸಿಕ್ಕಿತು: ದೋಣಿ ರಿಪೇರಿ ಯಾರ್ಡು, ಎರಡನೇ ಗೇಟು.

ನರ್ಸಮ್ಮ ಎಂದರೆ ಹೊಸಬಳು. ಆಸ್ಪತ್ರೆಯಲ್ಲಿ ನಿನ್ನ ಅಕ್ಕ ಬಿಟ್ಟುಹೋದ ನರ್ಸಿನ ಜಾಗಕ್ಕೆ ಬಂದವರಲ್ಲಿ ನಾಲ್ಕನೆಯವಳು. ಮೊದಲ ಮೂವರು ಗುಡ್ಡದ ಮೇಲಿನ ಹನ್ನೊಂದು ಮನೆಗಳಿಗೆ ಎರಡು ಸಲ ನಡೆದು, ಮೂರನೇ ಸಲಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಇವಳು ಔಷಧದ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಎಂಟು ತಿಂಗಳಿಂದ ನಡೆಯುತ್ತಲೇ ಇದ್ದಾಳೆ. ಮೊನ್ನೆ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಎತ್ತಿ ನೋಡಿ, ಏದುಸಿರು ಬಿಡುತ್ತಾ ನಮ್ಮ ಮನೆಗೆ ಬಂದಳು.

"ಮೇಷ್ಟ್ರೇ, ಶೆಡ್ಡಲ್ಲಿ ನಾಲ್ಕು ಗಾಲಿ ಬೈಕ್ ಇದ್ಯಲ್ಲ, ಅದು ಯಾರದ್ದು?"

"ಅದು ನಮ್ಮನೆಯವಳ ಎಮ್ಮೆ" ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಎಲ್ಲಿ ನಾಡಿ ಹಿಡಿದು ನೋಡುತ್ತಾಳೋ ಎಂದು ಭಯವಾಯಿತು.

ಆ ಹೆಸರು ನಿನಗೆ ಮರೆತಿಲ್ಲ ತಾನೆ? ಮೊದಲ ದಿನವೇ ಅದು ಕೆಸರಿನಲ್ಲಿ ನಿಂತು, ನೀನು ಹಿಂದಿನಿಂದ ತಳ್ಳಿ, ನಿನ್ನ ಅಕ್ಕ ಮೇಲೆ ಕೂತು "ಎಮ್ಮೆ ಕಣೋ ಇದು, ನೀರು ಕಂಡ್ರೆ ಏಳಲ್ಲ" ಎಂದದ್ದು. ಆಮೇಲೆ ಹನ್ನೊಂದು ವರ್ಷ ಆ ಎಮ್ಮೆ ಅವಳನ್ನು ಗುಡ್ಡ ಹತ್ತಿಸಿ ಇಳಿಸಿತು. ಆ ಹನ್ನೊಂದರಲ್ಲಿ ಒಂಬತ್ತು ವರ್ಷ ಅದಕ್ಕೆ ಡಾಕ್ಟರು ನೀನೇ.

ವಿಷಯಕ್ಕೆ ಬರುತ್ತೇನೆ. ಶೆಡ್ಡನ್ನು ಸೆಪ್ಟೆಂಬರ್ ಹದಿನೈದಕ್ಕೆ ಕೆಡವುತ್ತಾರಂತೆ. ಅಷ್ಟರೊಳಗೆ ಗಾಡಿ ಓಡಿದರೆ ನರ್ಸಮ್ಮನಿಗೆ, ಓಡದಿದ್ದರೆ ಗುಜರಿಗೆ ಎಂದು ಆಸ್ಪತ್ರೆಯ ಆಫೀಸಿನಿಂದ ಕಾಗದ ಬಂದಿದೆ. ಊರಿನ ಮೆಕಾನಿಕ್ಕು ಒಂದು ಕಣ್ಣು ಹಾಯಿಸಿ, "ಇದಕ್ಕೆ ಹೂಮಾಲೆ ಹಾಕಿ ಮೇಷ್ಟ್ರೇ" ಎಂದು ಹೋದ. ನಾನು ಮೂರು ದಿನದಿಂದ ಸ್ಟಾರ್ಟರಿನ ಹಗ್ಗ ಎಳೆಯುತ್ತಿದ್ದೇನೆ. ರಟ್ಟೆ ಬಿದ್ದುಹೋಗಿದೆ. ಗಾಡಿ ಕೆಮ್ಮುವುದೂ ಇಲ್ಲ.

ಅದರ ಸೀಟಿಗೆ ಅವಳು ಹೊಲಿದ ನೀಲಿ ಬಟ್ಟೆಯ ಕವರು ಇನ್ನೂ ಇದೆ. ಅದನ್ನು ಗುಜರಿಯವನು ಕಿತ್ತು ಎಸೆಯುವುದನ್ನು ನಾನು ನೋಡಲಾರೆ. ಅಷ್ಟೇ.

ಹಳೆಯದನ್ನು ಕೆದಕುವುದು ಬೇಡ. ಲೆಟ್ ಬೈಗಾನ್ಸ್ ಬಿ... ಮುಂದೆ ಏನೋ ಒಂದು ಪದವಿತ್ತು, ಕಾಲೇಜಿನಲ್ಲಿ ಬಾಯಿಪಾಠವಾಗಿತ್ತು. ಎರಡೇ ವರ್ಷ ಓದಿದ್ದರಿಂದ ವಾಕ್ಯಗಳೂ ಅರ್ಧಕ್ಕೇ ಬರುತ್ತವೆ.

ಏನು ಮಾಡಬೇಕೆಂದು ಬರೆ.

ಇಂತಿ,
ನಿನ್ನ ಭಾವ

ಜೂನ್ 19

ಭಾವನಿಗೆ ನಮಸ್ಕಾರ.

ಪತ್ರ ಬಂತು. ಅಲ್ಲಿಗೆ ಬರಲು ರಜೆ ಇಲ್ಲ. ಹೇಳಿದ್ದನ್ನು ಹೇಳಿದ ಸಾಲಿನಲ್ಲೇ ಮಾಡಿ. ಜಾಣತನ ಸೇರಿಸಬೇಡಿ.

ಹಳೇ ಪೆಟ್ರೋಲು ಪೂರ್ತಿ ಖಾಲಿ ಮಾಡಿ ಹೊಸದು ಹಾಕಿ. ಎಡಗೈ ಹಿಡಿಯ ಹತ್ತಿರ ಕೆಂಪು ಸ್ವಿಚ್ ಇದೆ, ಅದು ಆನ್ ಇದೆಯಾ ನೋಡಿ. ಆಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಒರೆಸಿ, ಅದರ ಕ್ಯಾಪಿಗೇ ಸಿಕ್ಕಿಸಿ, ಪ್ಲಗ್ಗಿನ ಲೋಹವನ್ನು ಎಂಜಿನ್ನಿಗೆ ತಾಗಿಸಿ ಇಟ್ಟು ಹಗ್ಗ ಎಳೆಯಿರಿ. ಸುತ್ತ ಪೆಟ್ರೋಲು ಚೆಲ್ಲಿರಬಾರದು. ನೀಲಿ ಕಿಡಿ ಬಂದರೆ ಕರೆಂಟು ಸರಿ ಇದೆ ಅಂತ. ಪ್ಲಗ್ಗನ್ನು ಕೈಯಲ್ಲಿ ಹಿಡಿಯಬೇಡಿ.

ಇಂತಿ,
ಎಂಜಿನ್ ವಿಭಾಗ, ಎರಡನೇ ಗೇಟು

ಜೂನ್ 30

ಭಾವಮೈದುನನಿಗೆ ಆಶೀರ್ವಾದಗಳು.

ಪ್ಲಗ್ಗನ್ನು ಕೈಯಲ್ಲಿ ಹಿಡಿದೆ.

ಹಿಡಿಯಬೇಡವೆಂದು ನೀನು ಬರೆದದ್ದು ಕಾರ್ಡಿನ ಕೊನೆಯ ಸಾಲಿನಲ್ಲಿ. ಅದನ್ನು ಮೊದಲ ಸಾಲಿನಲ್ಲಿ ಬರೆಯಬೇಕಪ್ಪಾ. ನರ್ಸಮ್ಮ ಹಗ್ಗ ಎಳೆದಳು, ನಾನು ಕಿಟಾರನೆ ಕಿರುಚಿ ಗೋಣಿಚೀಲದ ಮೇಲೆ ಕೂತೆ. ಅವಳು ಗಾಬರಿಯಾಗುವ ಬದಲು "ಕಿಡಿ ಇದೆ ಮೇಷ್ಟ್ರೇ, ಕಿಡಿ ಇದೆ!" ಎಂದು ಕುಣಿದಳು. ಈಗಿನ ನರ್ಸುಗಳಿಗೆ ರೋಗಿಗಿಂತ ರಿಸಲ್ಟು ಮುಖ್ಯ.

ಎಲ್ಲರೂ ನನ್ನನ್ನು ಇನ್ನೂ ಮೇಷ್ಟ್ರೇ ಎಂದೇ ಕರೆಯುತ್ತಾರೆ. ಮೂವತ್ತು ವರ್ಷ ಶಾಲೆಯ ಪ್ರಯೋಗಶಾಲೆಯಲ್ಲಿ ಬೀಕರು ತೊಳೆದು, ಗಾಜಿನ ಕೊಳವೆ ಬಗ್ಗಿಸಿ, ವಿಜ್ಞಾನದ ಮೇಷ್ಟ್ರಿಗೆ ಪ್ರಯೋಗ ಜೋಡಿಸಿ ಕೊಟ್ಟವನು ನಾನು. ಒಂದು ದಿನವೂ ಪಾಠ ಮಾಡಿದವನಲ್ಲ. ನಿನ್ನ ಅಕ್ಕ ಒಬ್ಬಳೇ ನನ್ನನ್ನು "ಅಟೆಂಡರ್ ಸಾಹೇಬ್ರೇ" ಎನ್ನುತ್ತಿದ್ದದ್ದು. ಅವಳ ಬಾಯಲ್ಲಿ ಅದು ಮೇಷ್ಟ್ರಿಗಿಂತ ದೊಡ್ಡ ಪದವಿಯಾಗಿ ಕೇಳಿಸುತ್ತಿತ್ತು.

ಕೆಂಪು ಸ್ವಿಚ್ಚಿನ ವಿಷಯ. ಅದು ಆಫ್ ಆಗಿತ್ತು. ಅಂದರೆ ಮೂರು ದಿನ ನಾನು ಹಗ್ಗ ಎಳೆದದ್ದು ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ನಗಬೇಡ. ಅದನ್ನು ಆಫ್ ಮಾಡಿದ್ದು ನಿನ್ನ ಅಕ್ಕ. ಆರು ವರ್ಷದ ಹಿಂದೆ, ಅವಳು ಕೊನೆಯ ಸಲ ಗುಡ್ಡ ಇಳಿದು ಬಂದ ಮಧ್ಯಾಹ್ನ, ಹೆಬ್ಬೆರಳಿನಿಂದ ಒತ್ತಿದ್ದು. ಆಮೇಲೆ ಯಾರೂ ಮುಟ್ಟಿಲ್ಲ. ನಿನ್ನ ಕಾರ್ಡು ಬಂದ ದಿನ ಅದರ ಮುಂದೆ ನಿಂತು ನೋಡಿ ಮನೆಗೆ ಹೋದೆ. ಆನ್ ಮಾಡಿದ್ದು ಮಾರನೆಯ ದಿನ.

ಆ ಹೆಂಗಸಿನ ಅಭ್ಯಾಸಗಳೇ ಹಾಗೆ. ಎಲ್ಲವನ್ನೂ ಆಫ್ ಮಾಡಿ, ಒರೆಸಿ, ಮುಚ್ಚಿ ಇಡುವವಳು. ಒಂದನ್ನು ಬಿಟ್ಟು: ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಕಡೆಕಡೆಗೆ ಅದನ್ನು ಸರಿಯಾಗಿ ತಿರುಗಿಸುತ್ತಲೇ ಇರಲಿಲ್ಲ. ದಿನಾ ಸಂಜೆ ನಾನು ಹೋಗಿ ನೋಡಿದರೆ ಅರ್ಧ ಸುತ್ತು ಸಡಿಲ. "ನಾಲ್ಕು ಜನರ ಪ್ರಾಣ ಉಳಿಸ್ತೀಯ, ಒಂದು ಮುಚ್ಚಳ ಬಿಗಿ ಮಾಡೋಕೆ ಬರಲ್ವಲ್ಲೇ" ಎಂದು ನಾನೇ ಬಿಗಿ ಮಾಡುತ್ತಿದ್ದೆ. "ಅದಕ್ಕೇ ಅಲ್ವಾ ನೀವಿರೋದು" ಎನ್ನುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಮುದುಕರ ಮನೆಯಲ್ಲಿ ಪ್ರೀತಿಯೆಂದರೆ ಇಂಥವೇ.

ಎಲ್ಲಿದ್ದೆ? ಹಾಂ. ಕಿಡಿ ಇದೆ, ಹೊಸ ಪೆಟ್ರೋಲಿದೆ, ಸ್ವಿಚ್ಚು ಆನ್ ಇದೆ. ಆದರೂ ಗಾಡಿ ಏಳುತ್ತಿಲ್ಲ. ಪ್ರೊಸೆಸ್ ಆಫ್ ಎಲಿಮಿನೇಷನ್ ಪ್ರಕಾರ, ಅಂದರೆ ಒಂದೊಂದೇ ಕಾರಣವನ್ನು ಪಕ್ಕಕ್ಕಿಡುವ ಕ್ರಮದಲ್ಲಿ, ಮುಂದಿನದು ಏನು?

ನಿನ್ನ ಭಾವ

ಜುಲೈ 12

ಭಾವನಿಗೆ ನಮಸ್ಕಾರ.

ಕೈ ಹೇಗಿದೆ.

ಮುಂದಿನದು ಕಾರ್ಬೊರೇಟರ್. ಆರು ವರ್ಷದ ಪೆಟ್ರೋಲು ಅದರೊಳಗೆ ಒಣಗಿ ಅಂಟಾಗಿರುತ್ತೆ. ಕೆಳಗಿನ ಬಟ್ಟಲಿನ ನಾಲ್ಕು ಸ್ಕ್ರೂ ಬಿಚ್ಚಿದರೆ ನಡುವೆ ಹಿತ್ತಾಳೆಯದೊಂದು ಸಣ್ಣ ತುಂಡು ಇರುತ್ತೆ, ಅದಕ್ಕೆ ಸೂಜಿಯ ಕಣ್ಣಿನಷ್ಟು ತೂತು. ಅದರ ಹೆಸರು ಜೆಟ್. ಪೆಟ್ರೋಲು ಎಂಜಿನ್ನಿಗೆ ಹೋಗುವುದು ಅದರಿಂದಲೇ. ತಂತಿ ಹಾಕಿ ಕೆದಕಬೇಡಿ, ತೂತು ದೊಡ್ಡದಾಗುತ್ತೆ. ಪೊರಕೆ ಕಡ್ಡಿ ಹಾಕಿ. ಬಿಚ್ಚಿದ್ದನ್ನೆಲ್ಲ ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಸಾಲಿನಲ್ಲೇ ಇಡಿ.

ಗಾಳಿಯ ಫಿಲ್ಟರ್ ಸೀಟಿನ ಕೆಳಗಿದೆ. ಸೋಪಿನ ನೀರಲ್ಲಿ ತೊಳೆದು ಒಣಗಿಸಿ.

ಟ್ಯಾಂಕನ್ನು ಮುಟ್ಟುವುದು ಬೇಡ. ಅದು ಸರಿ ಇದೆ.

ಇಂತಿ,
ಎರಡನೇ ಗೇಟು

ಜುಲೈ 26

ಗ್ರೀಸಪ್ಪಾ,

ನಿನ್ನ ಅಕ್ಕ ಇಟ್ಟ ಹೆಸರಿನಿಂದಲೇ ಕರೆಯುತ್ತಿದ್ದೇನೆ. ಸಂತೋಷದಲ್ಲಿ ಬಾಯಿಗೆ ಅದೇ ಬಂತು. ಎಮ್ಮೆ ಎದ್ದಿತು!

ನೀನು ಬಿಳಿ ಬಟ್ಟೆ ಎಂದೆ. ಮನೆಯಲ್ಲಿ ಬಿಳಿಯದೆಂದರೆ ಅವಳ ತಲೆದಿಂಬಿನ ಕವರು ಒಂದೇ. ಹಾಸಿದೆ. ಸ್ಕ್ರೂ ನಾಲ್ಕು, ಬಟ್ಟಲು, ತೇಲುವ ಬೆಂಡಿನಂಥದ್ದೊಂದು, ಆಮೇಲೆ ನಿನ್ನ ಜೆಟ್ಟು. ಆಪರೇಷನ್ ಟೇಬಲ್ಲಿನ ಹಾಗೆ ಸಾಲಾಗಿ ಇಟ್ಟೆ. ನರ್ಸಮ್ಮ ಪಕ್ಕದಲ್ಲಿ ನಿಂತು ಕೇಳಿದ್ದು ಕೈಗೆ ಕೊಟ್ಟಳು. ಜೆಟ್ಟಿನ ತೂತಿನಲ್ಲಿ ಹಸಿರು ಅಂಟು. ಪೊರಕೆ ಕಡ್ಡಿಯಿಂದ ತೆಗೆದು ಬೆಳಕಿಗೆ ಹಿಡಿದರೆ ಕಿಟಕಿಯಾಚೆಯ ಆಕಾಶ ಒಂದು ಚುಕ್ಕೆಯಾಗಿ ಕಂಡಿತು.

ಎಂಟನೇ ಎಳೆತಕ್ಕೆ ಕೆಮ್ಮಿತು. ಹನ್ನೊಂದನೆಯದಕ್ಕೆ ಎದ್ದಿತು. ಆ ಸದ್ದು! ಮನೆಯ ಅಡುಗೆಕೋಣೆಯಲ್ಲಿ ಕೂತು ಹನ್ನೊಂದು ವರ್ಷ ಆ ಸದ್ದು ತಿರುವಿನಲ್ಲಿ ಕೇಳಿದ ಕೂಡಲೇ ಟೀಗೆ ನೀರಿಡುತ್ತಿದ್ದೆನಲ್ಲ. ನಂಬಿದರೆ ನಂಬು, ಶೆಡ್ಡಿನಲ್ಲಿ ನಿಂತೇ ಒಂದು ಕ್ಷಣ ಪಾತ್ರೆ ಹುಡುಕಿದೆ.

ಆದರೆ ಪೂರ್ತಿ ಗುಣವಾಗಿಲ್ಲ. ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ, ಆಮೇಲೆ ತೂಕಡಿಸುತ್ತದೆ, ಸಾಯುತ್ತದೆ. ಎಷ್ಟು ಎಳೆದರೂ ಏಳುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಮತ್ತೆ ಏಳುತ್ತದೆ. ನಾಲ್ಕು ದಿನ ನೋಡಿದೆ, ಹೀಗೇ. ನಿನ್ನೆ ಪೆಟ್ರೋಲು ಮುಗಿಯಿತೇನೋ ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ಒಳಗಿನಿಂದ ಉಸ್ ಎಂದು ಸದ್ದು. ದಿನದ ಕೆಲಸ ಮುಗಿಸಿ ಕುರ್ಚಿಯಲ್ಲಿ ಕೂತ ಹೆಂಗಸು ಉಸಿರು ಬಿಟ್ಟ ಹಾಗೆ. ಪೆಟ್ರೋಲು ಬೇಕಾದಷ್ಟಿತ್ತು. ಮುಚ್ಚಳ ಹಾಕಿ ಎಳೆದರೆ ತಕ್ಷಣ ಎದ್ದಿತು. ಮತ್ತೆ ಹತ್ತು ನಿಮಿಷ, ಮತ್ತೆ ಸಾವು.

ಇದೇ ರೋಗವಲ್ಲವೇ ಎಂಟು ವರ್ಷದ ಹಿಂದೆಯೂ? ಕೆದಕುವುದಿಲ್ಲ ಎಂದಿದ್ದೆ, ಕೆದಕುತ್ತಿಲ್ಲ. ಆದರೆ ಆಗಲೂ ನೀನು ಸರ್ವಿಸ್ ಮಾಡಿಕೊಟ್ಟ ಆರನೇ ದಿನ ಹೀಗೇ ಗುಡ್ಡದ ನಡುವೆ ನಿಂತಿತು. ಅವಳು ಮಳೆಯಲ್ಲಿ ಪೆಟ್ಟಿಗೆ ಹೊತ್ತು ಎರಡು ಗಂಟೆ ನಡೆದಳು. ಆಮೇಲಿನ ಒಂದು ತಿಂಗಳ ಜ್ವರ ನಿನಗೂ ಗೊತ್ತು. ನಿನ್ನ ಮೇಲೆ ಆಗ ಬರೆದ ಕಾಗದಕ್ಕೆ ನನಗೆ ಆಗ ಕಾರಣವಿತ್ತು ಎಂದಷ್ಟೇ ಹೇಳುತ್ತೇನೆ.

ಬೇಗ ಬರೆ. ಇನ್ನು ಏಳು ವಾರ.

ನಿನ್ನ ಭಾವ

ಆಗಸ್ಟ್ 20

ಭಾವಮೈದುನನಿಗೆ,

ಮೂರೂವರೆ ವಾರವಾಯಿತು. ಉತ್ತರವಿಲ್ಲ. ಕೊನೆಯ ಪತ್ರದ ಕೊನೆಯ ಮಾತು ಬೇಡವಿತ್ತೇನೋ. ಅಂಚೆಗೆ ಹಾಕಿ ಬಂದ ಮೇಲೆ ನನಗೂ ಹಾಗೇ ಅನ್ನಿಸಿತು. ಡಬ್ಬಿಯೊಳಗೆ ಕೈ ಹೋಗುವುದಿಲ್ಲವಲ್ಲ.

ಕಾರ್ಬೊರೇಟರನ್ನು ಮತ್ತೆರಡು ಸಲ ಬಿಚ್ಚಿದೆ. ಹೊಸ ಪ್ಲಗ್ಗು ಹಾಕಿದೆ. ಎಂಜಿನ್ನು ಕಾದು ನಿಲ್ಲುತ್ತದೇನೋ ಎಂದು ಒದ್ದೆ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲೇ ಓಡಿದೆ. ನನ್ನ ವಯಸ್ಸು ಅರವತ್ತಾರು. ಹತ್ತು ನಿಮಿಷಕ್ಕೆ ಗಾಡಿಯೂ ನಿಂತಿತು, ನಾನೂ ನಿಂತೆ.

ನರ್ಸಮ್ಮ ನಿನ್ನೆ ಗುಡ್ಡದಿಂದ ಬಂದಾಗ ಹೆಗಲು ಕೆಂಪಾಗಿ ಬಾತಿತ್ತು. "ಇದು ಓಡದಿದ್ರೆ ನಾನೂ ವರ್ಗ ಕೇಳ್ತೀನಿ ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ" ಎಂದಳು. ಬೇಜಾರು ಮಾಡಿಕೊಳ್ಳಲು ನಾನು ಯಾರು?

ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ. ಹನ್ನೊಂದು ಮನೆಯವರು ನಿನಗೇನು ಮಾಡಿದ್ದಾರೆ?

ಭಾವ

ಆಗಸ್ಟ್ 28

ಭಾವನಿಗೆ ನಮಸ್ಕಾರ.

ಸಿಟ್ಟಿಲ್ಲ. ಕೆಲಸ ಇತ್ತು.

ಟ್ಯಾಂಕಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಟ್ಟು ಓಡಿಸಲು ಹೇಳಿ. ನಿಲ್ಲುವುದಿಲ್ಲ. ಹೆಚ್ಚು ಹುಡುಕುವುದು ಬೇಡ. ಹಳೇ ಗಾಡಿ, ಅದಕ್ಕೆ ಅಷ್ಟು ಸಾಕು.

ಇಂತಿ,
ಎರಡನೇ ಗೇಟು

ಸೆಪ್ಟೆಂಬರ್ 3

ಗ್ರೀಸಪ್ಪಾ,

ಈ ಪತ್ರವನ್ನು ಮೂರನೇ ಸಲ ಬರೆಯುತ್ತಿದ್ದೇನೆ. ಮೊದಲೆರಡನ್ನು ಇಂಗ್ಲಿಷಿನಲ್ಲಿ ಶುರುಮಾಡಿ ಹರಿದೆ. ಇದು ಇಂಗ್ಲಿಷಿನ ಹಿಂದೆ ಬಚ್ಚಿಟ್ಟುಕೊಳ್ಳುವ ವಿಷಯವಲ್ಲ.

ನಿನ್ನ ಕಾರ್ಡು ಓದಿ ಮೊದಲು ನನಗೆ ಕೋಪ ಬಂತು. ಒಂದು ಸ್ಕ್ರೂ ಓರೆಯಾಗಿದ್ದರೆ ಊಟ ಬಿಟ್ಟು ಕೂರುತ್ತಿದ್ದವನು ನೀನು. "ಅಷ್ಟು ಸಾಕು" ಎಂಬ ಮಾತು ನಿನ್ನ ಬಾಯಿಂದ ಯಾವತ್ತೂ ಕೇಳಿದ್ದಿಲ್ಲ. ಆದರೂ ಮುಚ್ಚಳ ಸಡಿಲ ಮಾಡಿದೆ. ನರ್ಸಮ್ಮ ಓಡಿಸಿದಳು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ನಿಲ್ಲಲಿಲ್ಲ. ಗುಡ್ಡದ ಕೆಳಗಿನ ಏರು ಹತ್ತಿ ಇಳಿದು ಬಂದಳು. ನಗುತ್ತಿದ್ದಳು. ಆದರೆ ಅವಳ ಮಂಡಿಯ ಮೇಲೆಲ್ಲ ಪೆಟ್ರೋಲು. ಏರಿನಲ್ಲಿ ಕುಲುಕಿ ಸಡಿಲ ಮುಚ್ಚಳದಿಂದ ಚೆಲ್ಲಿತ್ತು.

ಆ ವಾಸನೆ ಮೂಗಿಗೆ ಬಡಿಯಿತು ನೋಡು. ಅಲ್ಲೇ ನಿಂತುಬಿಟ್ಟೆ. ಕೊನೆಯ ಎರಡು ವರ್ಷ ನಿನ್ನ ಅಕ್ಕನ ಬಟ್ಟೆಯಿಂದ ಬರುತ್ತಿದ್ದ ವಾಸನೆ ಅದು. ಕೇಳಿದರೆ "ಬಂಕಲ್ಲಿ ತುಂಬಿಸೋವಾಗ ಚೆಲ್ತು ಕಣ್ರೀ" ಎನ್ನುತ್ತಿದ್ದಳು. ದಿನಾ ಯಾರಾದರೂ ಬಂಕಿಗೆ ಹೋಗುತ್ತಾರೆಯೇ? ನನಗೆ ಆಗ ಹೊಳೆಯಲಿಲ್ಲ.

ಅವಳೂ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಬಿಟ್ಟೇ ಓಡಿಸುತ್ತಿದ್ದಳು. ಮರೆವಿನಿಂದಲ್ಲ. ಬೇಕೆಂದೇ.

ಯಾಕೆ ಎಂದು ಯೋಚಿಸುತ್ತಾ ಶೆಡ್ಡಿನ ಮುಂದಿನ ಕಲ್ಲಿನ ಮೇಲೆ ಕೂತೆ. ನರ್ಸಮ್ಮ ಪಕ್ಕದಲ್ಲಿ ಕೂತು ಹಣ್ಣಿನ ರಸ ಕುಡಿಯುತ್ತಿದ್ದಳು. ಕುಡಿಯುವ ಕೊಳವೆಯ ಮೇಲಿನ ತುದಿಗೆ ಬೆರಳಿಟ್ಟು ಎತ್ತಿದಳು. ರಸ ಕೊಳವೆಯಲ್ಲೇ ನಿಂತಿತು. ಬೆರಳು ತೆಗೆದಳು, ಸುರಿಯಿತು. ಮತ್ತೆ ಎತ್ತಿದಳು. ಸುಮ್ಮನೆ ಆಡುತ್ತಿದ್ದಳು. ಮೂವತ್ತು ವರ್ಷ, ಪ್ರತಿ ಜೂನಿನಲ್ಲಿ, ಇದೇ ಪ್ರಯೋಗವನ್ನು ಗಾಜಿನ ಕೊಳವೆಯಲ್ಲಿ ಜೋಡಿಸಿ ಕೊಟ್ಟವನು ನಾನು. ಮೇಲಿನಿಂದ ಗಾಳಿ ಒಳಗೆ ಬಾರದಿದ್ದರೆ ಕೆಳಗೆ ದ್ರವ ಇಳಿಯುವುದಿಲ್ಲ. ಟ್ಯಾಂಕಿಗೂ ಅದೇ ನ್ಯಾಯ. ಅದಕ್ಕೆ ಉಸಿರಾಡುವ ದಾರಿ ಬೇಕು, ಆ ದಾರಿಯನ್ನು ಏನೋ ಕಟ್ಟಿದೆ.

ಮುಚ್ಚಳದ ನೆತ್ತಿಯಿಂದ ಒಂದು ಸಣ್ಣ ರಬ್ಬರ್ ಕೊಳವೆ ಹೊರಟು ಹ್ಯಾಂಡಲ್ ನಡುವಿನ ಪ್ಲಾಸ್ಟಿಕ್ ಟೋಪಿಯೊಳಗೆ ಹೋಗುತ್ತದಲ್ಲ. ಟೋಪಿ ಎತ್ತಿದೆ. ಕೊಳವೆಯ ತುದಿ ಹಿಂಡಿ ನೋಡಿದೆ. ಗಟ್ಟಿ. ಉಗುರಿನಿಂದ ಎಳೆದೆ. ಕೈಗೆ ಬಂದದ್ದು ಒಂದು ಗಾಜಿನ ಕಡ್ಡಿ. ಅರ್ಧ ಬೆರಳಿನುದ್ದ. ಎರಡೂ ತುದಿ ಬೆಂಕಿಯಲ್ಲಿ ಕರಗಿಸಿ ದುಂಡಗೆ ಮಾಡಿದ್ದು, ರಬ್ಬರು ಹರಿಯಬಾರದೆಂದು.

ಈ ಊರಿನಲ್ಲಿ ಗಾಜಿನ ತುದಿಯನ್ನು ಹಾಗೆ ದುಂಡಗೆ ಮಾಡುವವನು ಒಬ್ಬನೇ. ನನ್ನ ಅಕ್ಷರವನ್ನಾದರೂ ನರ್ಸಮ್ಮನ ಕೈಲಿ ಬರೆಸಿ ಮುಚ್ಚಿಡಬಹುದು. ಇದನ್ನು ಮುಚ್ಚಿಡಲಾಗುವುದಿಲ್ಲ.

ಆಗ ನೆನಪಾಯಿತು. ಔಷಧದ ಪೆಟ್ಟಿಗೆಗೆ ಪೆಟ್ರೋಲಿನ ವಾಸನೆ ಹಿಡಿಯುತ್ತದೆ, ಮಕ್ಕಳು ಸಿರಪ್ ಉಗಿಯುತ್ತವೆ, ತನಗೂ ತಲೆ ಸಿಡಿಯುತ್ತದೆ ಎಂದು ನಿನ್ನ ಅಕ್ಕ ಹೇಳುತ್ತಿದ್ದಳು. ನೀನು ಸರ್ವಿಸ್ ಮಾಡಿಕೊಟ್ಟು ಹೋದ ಭಾನುವಾರ ನಾನು ಮೂಸಿ ಮೂಸಿ ಆ ಕೊಳವೆಯ ತುದಿ ಪತ್ತೆ ಮಾಡಿದೆ. ಸೋಮವಾರ ಲ್ಯಾಬಿನಲ್ಲಿ ಕಡ್ಡಿ ಮಾಡಿ ತಂದು ತುರುಕಿದೆ. ಅವಳಿಗೆ ಹೇಳಲಿಲ್ಲ, ಆಶ್ಚರ್ಯವಾಗಲಿ ಎಂದು. ಮಂಗಳವಾರ ಸಂಜೆ ಅವಳು "ಏನ್ರೀ ಇವತ್ತು ವಾಸನೇನೇ ಇಲ್ಲ" ಎಂದಳು. ನಾನು ಮೀಸೆಯಡಿಯಲ್ಲಿ ನಕ್ಕೆ. ಆ ವಾರ ಹತ್ತಿರದ ಮನೆಗಳಿಗಷ್ಟೇ ಹೋಗಿದ್ದಳು. ಶುಕ್ರವಾರ ದೂರದ ಸುತ್ತು. ಗಾಡಿ ನಿಂತಿತು. ಮಳೆ ಬಂತು.

ನನ್ನ ತಲೆಯಲ್ಲಿ ವಾಸನೆಯ ವಿಷಯ ಬೇರೆ, ಎಂಜಿನ್ನಿನ ವಿಷಯ ಬೇರೆ. ಎಂಜಿನ್ನು ನಿನ್ನ ಇಲಾಖೆ. ಆದ್ದರಿಂದ ತಪ್ಪೂ ನಿನ್ನದು. ಆಸ್ಪತ್ರೆಯಿಂದ ಬೇರೆ ಮೆಕಾನಿಕ್ಕು ಬಂದು ಅಲ್ಲಿ ಇಲ್ಲಿ ತಟ್ಟಿ ಹೋದ ಮೇಲೆ ಗಾಡಿ ಮತ್ತೆ ನಿಲ್ಲಲಿಲ್ಲ. ನೋಡು, ಬೇರೆಯವನ ಕೈಗೆ ಹೋದ ಕೂಡಲೇ ಸರಿಹೋಯಿತು ಎಂದು ನಾನು ಊರೆಲ್ಲ ಹೇಳಿದೆ. ಸರಿ ಮಾಡಿದ್ದು ಅವನಲ್ಲ. ಪ್ರತಿ ಬೆಳಿಗ್ಗೆ ಅರ್ಧ ಸುತ್ತು ಸಡಿಲ ಮಾಡುತ್ತಿದ್ದ ನಿನ್ನ ಅಕ್ಕ. ಪ್ರತಿ ಸಂಜೆ ಕೆಡಿಸುತ್ತಿದ್ದವನು ನಾನು.

ನಿನಗೆ ಬರೆದ ಆ ಕಾಗದದಲ್ಲಿ ಗ್ರಾಸ್ ನೆಗ್ಲಿಜೆನ್ಸ್ ಎಂದಿದ್ದೆ. ಘೋರ ನಿರ್ಲಕ್ಷ್ಯ. ನಿಘಂಟು ನೋಡಿ ಬರೆದದ್ದು. ಅದರ ಪ್ರತಿಯನ್ನು ಆಸ್ಪತ್ರೆಯ ಆಫೀಸಿಗೂ ಕಳಿಸಿದೆ. ಅವರು ನಿನಗೆ ಕೆಲಸ ಕೊಡುವುದನ್ನು ನಿಲ್ಲಿಸಿದರು. ನೀನು ವರ್ಕ್‌ಶಾಪಿಗೆ ಬೀಗ ಹಾಕಿದೆ. ಅಕ್ಕನ ಮಣ್ಣಿಗೆ ಬಂದವನು ಗೇಟಿನ ಹೊರಗೇ ನಿಂತೆ, ನಾನು ಒಳಗೆ ಕರೆಯಲಿಲ್ಲ. ಆ ಎರಡು ಪದವೂ ನನ್ನದು, ಗ್ರೀಸಪ್ಪಾ. ನನಗೇ ಹೊಂದುವಂಥವು.

ಇವತ್ತು ಆಫೀಸಿಗೆ ಕಾಗದ ಬರೆದುಕೊಟ್ಟೆ. ಎಂಟು ವರ್ಷದ ಹಿಂದೆ ನಾನು ಕೊಟ್ಟ ದೂರು ತಪ್ಪು, ಮೆಕಾನಿಕ್ಕಿನ ಕೆಲಸದಲ್ಲಿ ದೋಷವಿರಲಿಲ್ಲ, ಕೊಳವೆ ಮುಚ್ಚಿದವನು ನಾನು ಎಂದು. ಹಳೇ ಫೈಲಿನಲ್ಲಿ ಆ ಕಾಗದದ ಪಕ್ಕದಲ್ಲೇ ಇದನ್ನು ಹೊಲಿಯಬೇಕೆಂದು ನಿಂತು ಹೊಲಿಸಿದೆ. ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದವರ ಮುಂದೆ ನರ್ಸಮ್ಮನ ಕೈಲಿ ಗಟ್ಟಿಯಾಗಿ ಓದಿಸಿದೆ. ಊರೆಲ್ಲ ಹೇಳಿದ್ದನ್ನು ಊರೆದುರಿಗೇ ವಾಪಸು ತೆಗೆದುಕೊಳ್ಳಬೇಕಲ್ಲ.

ಇದರಿಂದ ನಿನ್ನ ಎಂಟು ವರ್ಷ ಬರುವುದಿಲ್ಲ. ಗೊತ್ತಿದೆ.

ಒಂದೇ ಒಂದು ಕೇಳುತ್ತೇನೆ. ಹೇಳಬೇಕೆನಿಸಿದರೆ ಹೇಳು. ನಿನಗೆ ಗೊತ್ತಿತ್ತೇ?

ಭಾವ

ಸೆಪ್ಟೆಂಬರ್ 9

ಭಾವನಿಗೆ ನಮಸ್ಕಾರ.

ಗೊತ್ತಿತ್ತು.

ಅವತ್ತು ಗಾಡಿ ತರಲು ಗುಡ್ಡಕ್ಕೆ ಹೋದವನು ನಾನೇ ಅಲ್ಲವಾ. ಮುಚ್ಚಳ ತೆಗೆದರೆ ಉಸ್ ಅಂತು. ಐದು ನಿಮಿಷಕ್ಕೆ ಕಡ್ಡಿ ಸಿಕ್ಕಿತು. ನೋಡಿದ ಕೂಡಲೇ ಯಾರ ಕೈಕೆಲಸ ಅಂತ ತಿಳಿಯಿತು. ಅಂಥ ಕಡ್ಡಿ ನಿಮ್ಮ ಮನೆಯಲ್ಲೇ ಆರು ಇದ್ದವು, ಔಷಧ ಕಲಸಲು ಅಂತ ನೀವು ಅಕ್ಕನಿಗೆ ಮಾಡಿಕೊಟ್ಟಿದ್ದು.

ಕೋಪ ಬಂದಿತ್ತು ಭಾವ. ಸುಳ್ಳು ಹೇಳಲ್ಲ. ಸೀದಾ ನಿಮ್ಮ ಮುಖಕ್ಕೆ ಹಿಡಿಯೋಣ ಅಂತಲೇ ಬಂದೆ. ನೀವು ಔಷಧಿ ತರಲು ಹೋಗಿದ್ದಿರಿ. ಅಕ್ಕ ಕಂಬಳಿ ಹೊದ್ದು ಮಲಗಿದ್ದಳು. ಕಡ್ಡಿಯನ್ನು ಅವಳ ಕೈಯಲ್ಲಿಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಜ್ವರದಲ್ಲೂ ನಗು ಬಂತು ಅವಳಿಗೆ.

"ವಾಸನೆ ಬರಬಾರ್ದು ಅಂತ ಮಾಡಿದ್ದು ಕಣೋ" ಅಂದಳು.

"ನಗ್ತೀಯಲ್ಲ, ಸತ್ತಿದ್ರೆ?" ಅಂದೆ.

"ಸತ್ತಿಲ್ವಲ್ಲ. ಇದು ಅವ್ರಿಗೆ ಗೊತ್ತಾದ್ರೆ ಜೀವ ಇರೋವರೆಗೂ ಕೊರಗ್ತಾರೆ. ಇನ್ನು ನನಗೋಸ್ಕರ ಏನೂ ಮಾಡೋಕೇ ಹೆದರ್ತಾರೆ. ಹೋಗು, ಎಲ್ಲಿತ್ತೋ ಅಲ್ಲೇ ಇಟ್ಬಿಡು. ತೆಗೆದ್ರೆ ಅವ್ರಿಗೆ ಕಾಣುತ್ತೆ, ಕೇಳ್ತಾರೆ. ಮುಚ್ಚಳ ನಾನು ನೋಡ್ಕೋತೀನಿ."

"ಮತ್ತೆ ನನ್ನ ಹೆಸರು?"

"ನೀನು ನನ್ನ ತಮ್ಮ. ತಡ್ಕೋತೀಯ."

ಮಾತು ಕೊಟ್ಟೆ. ನಿಮ್ಮ ಇಂಗ್ಲಿಷ್ ಕಾಗದ ಬಂದಿದ್ದು ಅದಾದ ಒಂಬತ್ತು ದಿನಕ್ಕೆ. ಆಫೀಸಿಗೆ ಪ್ರತಿ ಹೋದ ವಿಷಯ ಅಕ್ಕನಿಗೆ ನಾನು ಹೇಳಲೇ ಇಲ್ಲ. ವರ್ಕ್‌ಶಾಪ್ ಯಾಕೆ ಮುಚ್ಚಿದೆ ಅಂದಿದ್ದಕ್ಕೆ ದೋಣಿ ಎಂಜಿನ್ ಕಲೀಬೇಕು ಅಂದೆ. ನಂಬಿದಳೋ ಇಲ್ಲವೋ. ಡೈರಿಯಲ್ಲಿ ವಿಳಾಸ ಬರೆದುಕೊಂಡಳು.

ಈ ಸಲ ನಿಮ್ಮ ಪತ್ರದಲ್ಲಿ ಉಸ್ ಅಂತ ಓದಿದಾಗ ಅವಳಿಗೆ ಕೊಟ್ಟ ಮಾತು ಇನ್ನೂ ಇದೆಯಾ ಮುಗಿಯಿತಾ ಅಂತ ತಿಳಿಯದೆ ಅಷ್ಟು ದಿನ ಸುಮ್ಮನಿದ್ದೆ. ನೀವೇ ಹುಡುಕಿದ ಮೇಲೆ ನಾನು ಮಾತು ಮುರಿದ ಹಾಗಾಗಲಿಲ್ಲ.

ಆಫೀಸಿನ ಕಾಗದ ಬೇಕಿತ್ತು. ಬೇಡ ಅಂತ ದೊಡ್ಡ ಮಾತು ಆಡಲ್ಲ. ಬೇಕಿತ್ತು.

ಎಂಟು ವರ್ಷ ಗಾಜು ಕೂತಿದ್ದ ರಬ್ಬರು ಸೀಳಿರುತ್ತೆ. ಕೊಳವೆ ಬದಲಾಯಿಸಬೇಕು. ಅಂಗಡಿಯದ್ದು ಹಾಕಬೇಡಿ. ಇಪ್ಪತ್ತೊಂದಕ್ಕೆ ನನಗೆ ಮೂರು ದಿನ ರಜೆ ಸಿಗುತ್ತೆ, ನಾನೇ ತರುತ್ತೇನೆ.

ಕಡ್ಡಿ ಎಸೆಯಬೇಡಿ.

ನಿಮ್ಮ
ಗ್ರೀಸಪ್ಪ

ಸೆಪ್ಟೆಂಬರ್ 15

ಗ್ರೀಸಪ್ಪಾ,

ಆಫೀಸಿನವರು ಬೆಳಿಗ್ಗೆಯೇ ಬಂದರು. ಒಂದೇ ಎಳೆತಕ್ಕೆ ಎಮ್ಮೆ ಎದ್ದಿತು. ಹೊರಡುವ ಮೊದಲು ನಾನು ಮುಚ್ಚಳವನ್ನು ಪೂರ್ತಿ ಬಿಗಿ ಮಾಡಿದೆ. ನರ್ಸಮ್ಮ ಪೆಟ್ಟಿಗೆ ಕಟ್ಟಿಕೊಂಡು, ನೀಲಿ ಕವರಿನ ಮೇಲೆ ಕೂತು ಗುಡ್ಡ ಹತ್ತಿದಳು. ಎಲ್ಲೂ ನಿಲ್ಲದೆ ಹನ್ನೊಂದೂ ಮನೆ ಮುಗಿಸಿ ಬಂದಳು. ಶೆಡ್ಡು ಮಧ್ಯಾಹ್ನಕ್ಕೆ ನೆಲಕ್ಕೆ ಬಿತ್ತು. ಗಾಡಿ ಇನ್ನು ಮೇಲೆ ನಮ್ಮ ಮನೆಯ ಮುಂದೆ ನಿಲ್ಲುತ್ತದೆ.

ಪೆಟ್ರೋಲಿನ ವಾಸನೆ ಬರುತ್ತದೆ ಎಂದಳು. ಬರಲಿ ಎಂದೆ. ಪೆಟ್ಟಿಗೆಯನ್ನು ಹಿಂದಿನ ಕ್ಯಾರಿಯರಿಗೆ ಕಟ್ಟಿದರೆ ಆಯಿತು. ಎಂಟು ವರ್ಷದ ಹಿಂದೆ ಇಷ್ಟು ಸುಲಭದ ಉಪಾಯ ಯಾರಿಗೂ ಹೊಳೆಯಲಿಲ್ಲ ನೋಡು.

ಕಡ್ಡಿ ನಿನ್ನ ಅಕ್ಕನ ಡೈರಿಯೊಳಗಿದೆ, ನಿನ್ನ ವಿಳಾಸದ ಹಾಳೆಯಲ್ಲಿ. ಇಪ್ಪತ್ತೊಂದಕ್ಕೆ ಬಾ. ಗೇಟು ತೆಗೆದಿರುತ್ತೇನೆ. ತಿರುವಿನಲ್ಲಿ ಸದ್ದು ಕೇಳದಿದ್ದರೂ ಟೀಗೆ ನೀರಿಟ್ಟಿರುತ್ತೇನೆ.

ಸಂಜೆ, ನರ್ಸಮ್ಮ ಗಾಡಿ ನಿಲ್ಲಿಸಿ ಹೋದ ಮೇಲೆ, ಹಳೆಯ ಅಭ್ಯಾಸದಿಂದ ಹೊರಗೆ ಹೋಗಿ ಮುಚ್ಚಳ ಮುಟ್ಟಿ ನೋಡಿದೆ.

ಬಿಗಿಯಾಗಿಯೇ ಇತ್ತು. ಯಾರೂ ಸಡಿಲ ಮಾಡಿರಲಿಲ್ಲ.

ನಿನ್ನ
ಭಾವ